ಕಡವಿಗೆ ಬಾರದ ಪಾಲ

ಪಾಲ ಎಲ್ಲಿ ಹಾಕಬೇಕೆಂದು ತೀರ್ಮಾನವಾದದ್ದು ನಮ್ಮ ಮನೆಯ ಜಗಲಿಯ ಮೇಲೆ. ಅವತ್ತು ಆ ಜಗಲಿಗೆ ಸೆಗಣಿ ಸಾರಿಸಿದವಳು ನಾನು, ಬಂದವರಿಗೆಲ್ಲ ಬೆಲ್ಲದ ಕಾಪಿ ಕಾಸಿದವಳೂ ನಾನು. ಆ ಪಾಲ ಎಲ್ಲರಿಗಿಂತ ಹೆಚ್ಚಾಗಿ ಬೇಕಿದ್ದವಳೂ ನಾನೇ. ಆದರೆ ನನ್ನನ್ನು ಯಾರೂ ಕೇಳಲಿಲ್ಲ. ಕೇಳಬೇಕೆಂದು ಯಾರಿಗೂ ತೋಚಲೂ ಇಲ್ಲ, ಬಿಡಿ. ಕೇಳಿದ್ದು ನನ್ನ ಅಪ್ಪನನ್ನು ಮತ್ತು ನನ್ನ ಮಾವನನ್ನು. ಅವರಾದರೂ ಬಾಯಿ ಬಿಟ್ಟು ಉತ್ತರ ಹೇಳಿದ್ದರೆ ಸಾಕಿತ್ತು. ಇಷ್ಟು ವರ್ಷವಾದರೂ ಅದನ್ನು ನೆನೆದರೆ ನನಗೆ ಮೊದಲು ಬರುವುದು ಅಳುವಲ್ಲ, ಸಿಟ್ಟು. ಅಳು ಆಮೇಲೆ ಬರುತ್ತದೆ.

ಪಾಲ ಎಂದರೆ ನಮ್ಮ ಕಡೆ ಕಾಲುಸೇತುವೆ. ಬಿದಿರಿನದಾದರೂ ಪಾಲ, ಮರದ ದಿಮ್ಮಿಯದಾದರೂ ಪಾಲ. ದೊರೆಗಳ ಸರ್ಕಾರ ಕಬ್ಬಿಣದ ಹಗ್ಗದಲ್ಲಿ ತೂಗುಸೇತುವೆ ಕಟ್ಟಿಸಿದಾಗ ಅದನ್ನೂ ನಾವು ಪಾಲ ಎಂದೇ ಕರೆದೆವು. ಕೊಡಗು ಇನ್ನೂ ಬ್ರಿಟಿಷರ ಕೈಯಲ್ಲಿದ್ದ ಕಾಲದ ಮಾತು ಇದು. ನಮ್ಮ ಮನೆಮಾತು ಅರೆಭಾಷೆ. ಎಲ್ಲರಿಗೂ ತಿಳಿಯಲಿ ಎಂದು ಇಲ್ಲಿ ಅದನ್ನು ಸಲೀಸು ಮಾಡಿ ಬರೆಯುತ್ತಿದ್ದೇನೆ. ಉಂಟು ಎನ್ನುವುದಕ್ಕೆ ಉಟ್ಟು ಎನ್ನುವಂಥ ಒಂದೆರಡು ಮಾತು ಮಾತ್ರ ಬಾಯಿಗೆ ಬಂದ ಹಾಗೇ ಉಳಿದಾವು.

ನನ್ನ ತವರು ಹೊಳೆಯ ಆಚೆ ದಡ, ಗಂಡನ ಮನೆ ಈಚೆ ದಡ. ನಮ್ಮ ಗದ್ದೆ ಮುಗಿಯುವಲ್ಲಿ ಹೊಳೆ, ಹೊಳೆ ದಾಟಿದರೆ ತವರಿನ ಗದ್ದೆ. ದಾಟುವ ಆ ಜಾಗಕ್ಕೆ ಕಡವು ಎನ್ನುತ್ತಿದ್ದರು. ಒಲೆಯ ಮೇಲೆ ಅನ್ನಕ್ಕಿಟ್ಟು ಹೊರಟರೆ ಅದು ಬೇಯುವುದರೊಳಗೆ ಅವ್ವನ ಮನೆ ಸೇರಬಹುದಾದಷ್ಟು ಹತ್ತಿರ. ನಮ್ಮದು ಕೊಟ್ಟು ತಂದ ಸಂಬಂಧ. ನಾನು ಈ ಮನೆಗೆ ಸೊಸೆಯಾಗಿ ಬಂದ ವರ್ಷವೇ ಈ ಮನೆಯ ಮಗಳು, ನನ್ನ ಗಂಡನ ತಂಗಿ, ನನ್ನ ಅಣ್ಣನ ಹೆಂಡತಿಯಾಗಿ ನನ್ನ ತವರಿಗೆ ಹೋದಳು. ಗಂಡನ ಕಡೆಯಿಂದ ನೋಡಿದರೆ ಅವಳು ನನಗೆ ನಾದಿನಿ, ಅಣ್ಣನ ಕಡೆಯಿಂದ ನೋಡಿದರೆ ಅತ್ತಿಗೆ. ಜಗಳಕ್ಕೆ ನಾದಿನಿ, ಜಂಬಕ್ಕೆ ಅತ್ತಿಗೆ ಎಂದು ನಾನು ಅವಳನ್ನು ಚುಡಾಯಿಸುತ್ತಿದ್ದೆ. ಇಲ್ಲಿ ನಾದಿನಿ ಎಂದೇ ಕರೆಯುತ್ತೇನೆ. ಹೀಗೆ ಅವಳ ಅವ್ವ ನನ್ನ ಹತ್ತಿರ, ನನ್ನ ಅವ್ವ ಅವಳ ಹತ್ತಿರ, ನಡುವೆ ಹೊಳೆ.

ಮಾವ ಈಚೆ ದಡಕ್ಕೆ ಪಟೇಲರು. ಅಪ್ಪ ಆಚೆ ದಡದ ತಕ್ಕ, ಅಂದರೆ ಊರಿನ ಹಿರಿತನ ವಹಿಸುವವರು. ಇಬ್ಬರೂ ಒಳ್ಳೆಯವರು. ಇದನ್ನು ಬರೆಯುವಾಗ ನನ್ನ ಹಲ್ಲು ಕಚ್ಚಿಕೊಳ್ಳುತ್ತದೆ, ಆದರೂ ಬರೆಯಬೇಕು. ಇಬ್ಬರೂ ಯಾರ ಒಂದು ಬಳ್ಳ ಭತ್ತಕ್ಕೂ ಆಸೆ ಪಟ್ಟವರಲ್ಲ. ಹೆಣ್ಣು ಕೊಟ್ಟು ತಂದ ಮೇಲೆ ಅವರ ನಡುವಿನ ಮರ್ಯಾದೆ ಎಷ್ಟು ಬೆಳೆಯಿತೆಂದರೆ, ಒಬ್ಬರು ಕೂರದೆ ಇನ್ನೊಬ್ಬರು ಕೂರುತ್ತಿರಲಿಲ್ಲ, ಒಬ್ಬರು ಎಲೆಗೆ ಕೈ ಹಾಕದೆ ಇನ್ನೊಬ್ಬರು ಉಣ್ಣುತ್ತಿರಲಿಲ್ಲ. ನಾವು ಹೆಂಗಸರು ಸಾರು ಹಿಡಿದುಕೊಂಡು ಕಾಯಬೇಕಿತ್ತು.

ತುಲಾ ಸಂಕ್ರಮಣ ಕಳೆದು ಹೊಳೆ ಇಳಿದ ಮೇಲೆ ಎರಡೂ ದಡದವರು ಸೇರಿ ಕಡವಿನಲ್ಲಿ ಬಿದಿರ ಪಾಲ ಕಟ್ಟುತ್ತಿದ್ದರು. ಅದರ ಯೋಜನೆಯೆಲ್ಲ ಇವರಿಬ್ಬರದೇ. ಹೋದ ವರ್ಷ ನೀರು ಎಲ್ಲಿ ಕೊರೆದಿದೆ, ಕವೆ ಕಂಬ ಯಾವ ಬಂಡೆಯ ಸಂದಿಯಲ್ಲಿ ನಿಂತೀತು, ಎಷ್ಟು ಮೆಳೆ ಕಡಿಯಬೇಕು, ಕಟ್ಟಲಿಕ್ಕೆ ಬೆತ್ತವೋ ಕಾಡು ಬಳ್ಳಿಯೋ, ಎಲ್ಲವನ್ನೂ ನೀರಿನ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಮಾತಾಡುತ್ತಿದ್ದರು. ಅವರವರ ದಡದಿಂದ ಅವರವರು ಕಟ್ಟಿಕೊಂಡು ಬಂದು ನಡುಹೊಳೆಯಲ್ಲಿ ಕೂಡುವುದು ಪದ್ಧತಿ. ಅಲ್ಲಿ ಕೊನೆಯ ಕಟ್ಟು ಯಾರು ಹಾಕಬೇಕು ಎನ್ನುವುದಕ್ಕೆ ಪ್ರತಿ ವರ್ಷವೂ ತಕರಾರು. ಜಗಳವಲ್ಲ, ಮರ್ಯಾದೆಯ ತಕರಾರು. "ನೀವೇ ಹಾಕಿ ನೆಂಟರೇ" ಎಂದು ಇವರು, "ಛೆ ಛೆ, ನೀವಿರುವಾಗ ನಾನಾ?" ಎಂದು ಅವರು. ಇಬ್ಬರೂ ಸೊಂಟದವರೆಗಿನ ತಣ್ಣೀರಲ್ಲಿ ನಡುಗುತ್ತ ನಿಂತಿರುತ್ತಿದ್ದರು. ಕೊನೆಗೆ ತಾಳ್ಮೆ ಕೆಟ್ಟ ಆಳು ಯಾರಾದರೂ ಕಟ್ಟಿ ಮುಗಿಸುತ್ತಿದ್ದ. ದಡದಲ್ಲಿ ನಿಂತ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಆಗ ಅದು ನಗುವ ವಿಷಯವೇ ಆಗಿತ್ತು.

ಮುಂಗಾರಿನ ಮೊದಲ ದೊಡ್ಡ ನೀರಿಗೆ ಆ ಪಾಲ ಹೋಗುತ್ತಿತ್ತು. ಆಮೇಲೆ ಮತ್ತೆ ತುಲಾ ಮಾಸದವರೆಗೆ ಆಚೆ ದಡ ಆಚೆಗೆ, ಈಚೆ ದಡ ಈಚೆಗೆ. ಬಂಡೆಗಳ ನಡುವೆ ರಭಸದಿಂದ ಇಳಿಯುವ ಆ ನೀರಿಗೆ ದೋಣಿಯೂ ಆಗದು, ತೆಪ್ಪವೂ ಆಗದು. ಮದುವೆಯಾದ ಹೆಣ್ಣು ಆಟಿ ತಿಂಗಳಲ್ಲಿ, ಅಂದರೆ ನಡುಮಳೆಗಾಲದಲ್ಲಿ, ತವರಿಗೆ ಹೋಗಿ ಕೆಲವು ದಿನ ಇದ್ದು ಬರುವುದು ನಮ್ಮಲ್ಲಿ ಪದ್ಧತಿ. ಹೊಳೆ ದಾಟಿ ಮದುವೆಯಾದ ನಮ್ಮಂಥವರಿಗೆ ಆ ಭಾಗ್ಯವಿಲ್ಲ. ಅದಕ್ಕೆ ಅವ್ವ ಒಂದು ಉಪಾಯ ಮಾಡಿಕೊಂಡಿದ್ದಳು. ಮಳೆ ಹೊಳವಾದ ದಿನ ಮಳೆಗೆ ಹೊದೆಯುವ ಎಲೆಯ ಗೊರಬೆ ತಲೆಗೆ ಹಾಕಿಕೊಂಡು ಆಚೆ ದಡಕ್ಕೆ ಬಂದು ನಿಲ್ಲುವಳು. ಇಲ್ಲಿಂದ ನಾನು, ಅತ್ತೆ. ಅಲ್ಲಿಂದ ಅವಳು, ನಾದಿನಿ. ನೀರಿನ ಸದ್ದಿಗೆ ಕೂಗಿದರೂ ಒಂದು ಅಕ್ಷರ ಕೇಳದು. ಆದ್ದರಿಂದ ಎಲ್ಲ ಕೈಯಲ್ಲೇ. ಅವ್ವ ಎಳೆ ಬಿದಿರಿನ ಕಣಿಲೆ ಎತ್ತಿ ತೋರಿಸಿದರೆ ಇವತ್ತು ಅದರ ಪಲ್ಯ ಎಂದರ್ಥ. ನಾನು ನನ್ನ ಕೂಸನ್ನು ಎತ್ತಿ ಹಿಡಿಯುತ್ತಿದ್ದೆ. ಅವಳು ಬೆರಳು ತಿರುಗಿಸಿ, ಬೆನ್ನು ತೋರಿಸು ಎನ್ನುವಳು. ತಲೆ ಹಿಂದೆ ಚಪ್ಪಟೆಯಾಗಿದೆಯೋ ಉರುಟಾಗಿದೆಯೋ ನೋಡಬೇಕು ಅವಳಿಗೆ. ಉರುಟಾಗಿದೆ ಎಂದು ಖಾತ್ರಿಯಾದರೆ ಎರಡೂ ಕೈ ಎತ್ತಿ ನಗುವಳು.

ಆ ಅವ್ವ ಒಂದು ವರ್ಷ ಹುತ್ತರಿ ಹಬ್ಬ ಮುಗಿದ ಮೇಲೆ ಬೆಳಿಗ್ಗೆ ಹಾಲು ಕರೆಯುತ್ತಿದ್ದ ಹಾಗೆ ಕೊಟ್ಟಿಗೆಯಲ್ಲಿ ಬಿದ್ದಳು. ಎಡಭಾಗ ಪೂರ್ತಿ ಸತ್ತುಹೋಯಿತು. ಮಾತು ಉಳಿಯಿತು, ಆದರೆ ತೊಡರುತ್ತಿತ್ತು. ಮಡಿಕೇರಿಯ ಡಾಕ್ಟರು ಬಂದು ನೋಡಿ, ಇನ್ನು ಇವರು ಎದ್ದು ನಡೆಯುವುದಿಲ್ಲ ಎಂದರು. ನಾನು ಹೋಗಿ ಇದ್ದು ಬಂದೆ. ಹೊರಡುವಾಗ ಅವ್ವ ನನ್ನ ಸೆರಗು ಹಿಡಿದು, "ಮಳೆಗಾಲದಲ್ಲಿ ಇನ್ನು ನಾನು ದಡಕ್ಕೆ ಬರಲಿಕ್ಕೆ ಇಲ್ಲೆ. ನಿನ್ನನ್ನು ನೋಡುವುದು ಹೇಗೆ?" ಎಂದಳು.

ಅವ್ವನ ಮಾತಿಗೆ ಉತ್ತರ ಶಿವರಾತ್ರಿ ಕಳೆದ ಮೇಲೆ ಕುದುರೆ ಏರಿ ಬಂತು. ಎಂಜಿನಿಯರ್ ದೊರೆ ಒಬ್ಬರು, ಜೊತೆಗೆ ಮೈಸೂರು ಕಡೆಯ ಓವರ್ಸಿಯರ್ ಒಬ್ಬರು, ಸಾಮಾನು ಹೊತ್ತ ಆಳುಗಳು. ಸರ್ಕಾರ ನಮ್ಮ ಹೊಳೆಗೆ ತೂಗುಸೇತುವೆ ಹಾಕಿಸುತ್ತದಂತೆ! ದೊರೆ ನಮ್ಮ ಗದ್ದೆಯ ಬದುವಿನ ಮೇಲೆ ಮೂರು ಕಾಲಿನ ದುರ್ಬೀನು ನಿಲ್ಲಿಸಿ ಆಚೆ ನೋಡಿದರು. ಆಚೆ ದಡದಲ್ಲಿ ಒಬ್ಬ ಪಟ್ಟೆ ಬಳಿದ ಕೋಲು ಹಿಡಿದು ನಿಂತ. ಹಗ್ಗ ಎಳೆದು ಅಳೆದರು. ಮಳೆಗಾಲದ ನೀರು ಎಲ್ಲಿಯವರೆಗೆ ಏರುತ್ತದೆ ಎಂದು ಕೇಳಿದರು, ಬಂಡೆಯ ಮೇಲಿನ ಪಾಚಿಯ ಗೆರೆಯನ್ನು ಮಾವ ತೋರಿಸಿದರು. ಎರಡೂ ಕಡೆ ಎತ್ತರದ ದಡ, ಕಬ್ಬಿಣದ ಹಗ್ಗದ ತುದಿ ಹೂಳಲು ಗಟ್ಟಿ ನೆಲ. ಓವರ್ಸಿಯರ್ ಮಜ್ಜಿಗೆ ಕುಡಿಯುತ್ತ ನನ್ನ ಗಂಡನಿಗೆ, "ಇದು ಒಳ್ಳೇ ಜಾಗ. ಮೇಲಿನ ಊರಲ್ಲೂ ಒಂದು ಜಾಗ ಇದೆ, ಅದೂ ಆಗುತ್ತೆ. ಜನ ಎಲ್ಲಿ ಕೇಳ್ತಾರೋ ಅಲ್ಲಿ ಹಾಕು ಅಂತ ಅಪ್ಪಣೆ" ಎಂದರು. ನಾನು ಒಳಗೆ ಬಂದು ಕೂಸನ್ನು ಎತ್ತಿಕೊಂಡು ಕುಣಿದೇಬಿಟ್ಟೆ. ಕೇಳುವುದಷ್ಟೇ ಬಾಕಿ ಎಂದರೆ ಇನ್ನೇನು, ಪಾಲ ಬಂದ ಹಾಗೇ ಅಲ್ಲವೆ?

ಮರುದಿನ ಸಭೆ. ಅಪ್ಪ ತಮ್ಮ ಊರವರ ಜೊತೆ ಬಿದಿರ ಪಾಲ ದಾಟಿ ಬಂದರು. ಗುಡ್ಡ ದಾಟಿ ಅರ್ಧ ದಿನ ನಡೆಯಬೇಕಾದ ಮೇಲಿನ ಊರಿಂದ ಅಲ್ಲಿನ ಅಂಗಡಿಯವನೂ ಇನ್ನು ಕೆಲವರೂ ಬಂದರು. ನಾನೂ ಅತ್ತೆಯೂ ಅಡುಗೆಮನೆಯ ಬಾಗಿಲ ಹಿಂದೆ.

ಓವರ್ಸಿಯರ್ ಎದ್ದು ನಿಂತು ಹೇಳಿದರು: "ಸರ್ಕಾರ ಈ ಹೊಳೆಗೆ ಕೊಡೋದು ಒಂದೇ ಸೇತುವೆ. ಇಲ್ಲಿ ಕಡವಿನಲ್ಲೂ ಕಟ್ಟಬಹುದು, ಮೇಲಿನ ಊರಲ್ಲೂ ಕಟ್ಟಬಹುದು. ಎಲ್ಲಿ ಬೇಕು ಅಂತ ನೀವೇ ಹೇಳಬೇಕು. ಪಟೇಲರೇ, ನಿಮ್ಮಿಂದಲೇ ಶುರುವಾಗಲಿ."

ಮಾವ ಗಂಟಲು ಸರಿಮಾಡಿಕೊಂಡರು. "ನಾನೆಂತ ಹೇಳುವುದು? ಕಡವು ಇರುವುದು ನಮ್ಮ ಗದ್ದೆಯ ಬುಡದಲ್ಲಿ. ನಾನೇ ಅಲ್ಲಿ ಬೇಕು ಅಂದರೆ ಚೆಂದ ಕಾಣುವುದಿಲ್ಲ. ನಮ್ಮ ನೆಂಟರು ಬಂದಿದ್ದಾರೆ, ಅವರು ಹೇಳಲಿ."

ಅಪ್ಪ ಕೈ ಅಲ್ಲಾಡಿಸಿದರು. "ಛೆ, ಪಟೇಲರು ಇರುವಾಗ ನಾನು ಹೇಳುವುದುಂಟಾ? ನನ್ನ ಮಗಳು ಈ ಮನೆಯಲ್ಲಿ ಇದ್ದಾಳೆ. ನಾನು ಕಡವು ಅಂದರೆ, ಮಗಳ ಮನೆಗೆ ಹೋಗಲಿಕ್ಕೆ ಸರ್ಕಾರದ ದುಡ್ಡಲ್ಲಿ ಪಾಲ ಹಾಕಿಸಿಕೊಂಡ ಅಂತ ನಾಳೆ ಮಾತು ಬರ್ತದೆ. ಎಲ್ಲರಿಗೂ ಎಲ್ಲಿ ಅನುಕೂಲವೋ ಅಲ್ಲಿ ಆಗಲಿ."

"ಮಗಳು ಆಚೆ ಮನೆಯಲ್ಲಿ ನನಗೂ ಇದ್ದಾಳಲ್ಲ ನೆಂಟರೇ. ನೀವೇ ಹೇಳಿಬಿಡಿ."

"ಇಲ್ಲ ಇಲ್ಲ. ನಿಮ್ಮ ಜಗಲಿಯಲ್ಲಿ ಕೂತು ನಾನು ಹೇಳುವುದಲ್ಲ."

ದೊರೆ ಒಮ್ಮೆ ಇವರ ಮುಖ ನೋಡಿದರು, ಒಮ್ಮೆ ಅವರ ಮುಖ. ಪಾಪ, ಅವರಿಗೆ ಏನು ಗೊತ್ತು, ಇವರಿಬ್ಬರಲ್ಲಿ ಯಾರೂ ಬೇಡ ಎನ್ನುತ್ತಿಲ್ಲ, ಬೇಕು ಎನ್ನಲು ನಾಚುತ್ತಿದ್ದಾರೆ ಎಂದು. ಎರಡು ಕಡೆಯ ಹಿರಿಯರೂ ತಮ್ಮ ಕಡವಿಗೆ ಕೇಳದಿದ್ದರೆ ಅದರ ಅಗತ್ಯ ಇಲ್ಲವೆಂದೇ ಯಾರಾದರೂ ತಿಳಿಯುತ್ತಾರೆ. ನಾನು ಬಾಗಿಲಿನಿಂದ ಒಂದು ಹೆಜ್ಜೆ ಮುಂದೆ ಇಟ್ಟೆ. ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು. ನನ್ನ ಬಾಯಿ ಎಂಥದ್ದೆಂದು ಗೊತ್ತಿದ್ದೇ ಹಿಡಿದದ್ದು. ಆದರೆ ಅವರ ಕಣ್ಣೂ ಜಗಲಿಯ ಮೇಲೇ ಇತ್ತು. ಅವರ ಮಗಳೂ ಆಚೆಯೇ ಇದ್ದಳಲ್ಲ.

ಆಗ ಮೇಲಿನ ಊರಿನ ಅಂಗಡಿಯವನು, "ಸ್ವಾಮಿ, ಹಾಗಾದರೆ ನಮ್ಮಲ್ಲೇ ಹಾಕಿ. ನಮಗೆ ಬೇಕು" ಎಂದ. ಅಷ್ಟೇ. ಬೇಕಾದದ್ದನ್ನು ಬೇಕು ಎಂದ, ಅವನಿಗೆ ಸಿಕ್ಕಿತು. ಆಮೇಲೆ ಎಷ್ಟೋ ದಿನ ನಮ್ಮ ಊರವರು ಅವನನ್ನು ನಾಚಿಕೆಗೆಟ್ಟವನು ಎಂದು ಬೈದರು. ನಾನು ಬೈಯಲಿಲ್ಲ.

ಓವರ್ಸಿಯರ್ ಕೊನೆಯದಾಗಿ ಒಂದು ಪ್ರಶ್ನೆ ಕೇಳಿದರು: "ಮೇಲೆ ಸೇತುವೆ ದಾಟಿದ ಮೇಲೆ ಆಚೆ ದಡದಲ್ಲಿ ಕೆಳಗಿನ ಊರಿಗೆ ಬರಲು ದಾರಿ ಸರಿಯಾಗಿದೆಯಾ?" ದಾರಿ ಇತ್ತು. ಆದರೆ ಆ ದಾರಿಗೆ ಅಡ್ಡವಾಗಿ ಒಂದು ತೋಡು ಹರಿಯುತ್ತದೆ, ಆಟಿಯಲ್ಲಿ ಅದು ಉಕ್ಕಿದರೆ ಎಮ್ಮೆಯೂ ಇಳಿಯುವುದಿಲ್ಲ. ಇದು ಅಪ್ಪನಿಗೂ ಗೊತ್ತು, ಮಾವನಿಗೂ ಗೊತ್ತು, ಅಲ್ಲಿ ಕೂತಿದ್ದ ಎಲ್ಲರಿಗೂ ಗೊತ್ತು. ಅಪ್ಪ ಮಾವನ ಮುಖ ನೋಡಿದರು. ಮಾವ ಜಂತಿ ನೋಡಿದರು. "ದಾರಿ ಉಂಟು" ಎಂದರು ಅಪ್ಪ. ದೊರೆ ಎದ್ದು ಇಬ್ಬರ ಕೈ ಕುಲುಕಿ, ತಮಗಾಗಿ ಏನೂ ಕೇಳದ ಇಂಥ ಹಿರಿಯರನ್ನು ತಾವು ಕಂಡೇ ಇಲ್ಲ ಎಂದರಂತೆ. ಓವರ್ಸಿಯರ್ ಅದನ್ನು ಕನ್ನಡದಲ್ಲಿ ಹೇಳಿದರು. ಇಬ್ಬರ ಮುಖವೂ ಅರಳಿತು.

ಅಪ್ಪನನ್ನು ಕಡವಿನವರೆಗೆ ಕಳಿಸಿಕೊಡುವ ನೆಪದಲ್ಲಿ ನಾನು ಹಿಂದೆಯೇ ಹೋದೆ. "ಅಪ್ಪ, ಒಂದು ಮಾತು ಹೇಳಲಿಕ್ಕೆ ನಿಮಗೆ ಎಂತ ಆಗಿತ್ತು? ಅವ್ವ ಮಲಗಿದಲ್ಲೇ ಇದ್ದಾಳೆ. ಅವಳ ಸಲುವಾಗಿಯಾದರೂ ಹೇಳಬಾರದಿತ್ತಾ?"

ಅಪ್ಪ ನಿಂತರು. "ನನ್ನ ಹೆಂಡತಿ ಮಲಗಿದ್ದಾಳೆ ಅಂತ ಊರಿಗೆಲ್ಲ ಸೇರಿದ ಪಾಲವನ್ನು ನಾನು ಎಳೆದುಕೊಳ್ಳುವುದಾ ಮಗಾ? ನಿನ್ನ ಮಾವ ಹೇಳಿದ್ದರೆ ನಾನು ಹೂಂ ಅನ್ನುತ್ತಿದ್ದೆ."

ಮನೆಗೆ ಬಂದರೆ ಮಾವ ಅದೇ ಹಾಡು: "ನಿನ್ನ ಅಪ್ಪ ಹೇಳಿದ್ದರೆ ನಾನು ಹೂಂ ಅನ್ನುತ್ತಿದ್ದೆ." ಅವತ್ತು ಪಾತ್ರೆ ತೊಳೆಯುವಾಗ ನಾನು ಮಾಡಿದ ಸದ್ದು ಜಗಲಿಯವರೆಗೂ ಕೇಳಿರಬೇಕು.

ಆ ಮಳೆಗಾಲ ನಾನು ಕಡವಿನಲ್ಲಿ ನಿಂತರೆ ಎದುರು ದಡದಲ್ಲಿ ನಾದಿನಿ ಒಬ್ಬಳೇ. ಕೈಯನ್ನು ಬಾಯಿಗೆ ಒಯ್ದು ತೋರಿಸಿದರೆ ಅವ್ವ ಉಂಡಳು ಎಂದು, ಕೆನ್ನೆಗೆ ಕೈ ಇಟ್ಟರೆ ನಿದ್ದೆ ಬಂತು ಎಂದು ತಿಳಿಯುತ್ತಿದ್ದೆ. ಅವ್ವ ಅಳುತ್ತಾಳಾ ಎಂದು ಹೇಗೆ ಕೇಳುವುದೋ ನನಗೆ ಗೊತ್ತಾಗಲಿಲ್ಲ. ನಾನು ಕೂಸನ್ನು ಎತ್ತಿ ಹಿಡಿದರೆ ನಾದಿನಿ ನೋಡಿ, ಮನೆಯ ಕಡೆ ಕೈ ತೋರಿಸಿ ತಲೆಯಾಡಿಸುವಳು. ಹೋಗಿ ಹೇಳುತ್ತೇನೆ ಎಂದು.

ಮಳೆ ಮುಗಿದ ಮೇಲೆ ಮೇಲಿನ ಊರಲ್ಲಿ ಕೆಲಸ ಶುರುವಾಯಿತು. ಕಬ್ಬಿಣದ ಹಗ್ಗ ಗಾಡಿಯಲ್ಲಿ ರಸ್ತೆಯ ಕೊನೆಯವರೆಗೆ ಬಂತು. ಅಲ್ಲಿಂದ ಮುಂದೆ ಜನ ಸಾಲಾಗಿ ನಿಂತು ಅದನ್ನು ಹೆಗಲ ಮೇಲೆ ಹೊತ್ತು ಏರಿ ಇಳಿದು ತಂದರು. ನನ್ನ ಗಂಡ, ಅಣ್ಣ ಇಬ್ಬರೂ ಆ ಸಾಲಿನಲ್ಲಿದ್ದರು. ಕಲ್ಲಿನ ಕಂಬ ಎಬ್ಬಿಸಿದರು, ಹಗ್ಗ ಬಿಗಿದರು, ಹಲಗೆ ಹಾಸಿದರು. ಬೇಸಗೆಯ ಕೊನೆಗೆ ಪಾಲ ಮುಗಿಯಿತು. ನೋಡಲು ನಾನೂ ಹೋದೆ. ಬೈಯಬೇಕೆಂದೇ ಹೋದದ್ದು, ಬೈಯಲು ಏನೂ ಸಿಗಲಿಲ್ಲ. ಒಳ್ಳೆಯ ಪಾಲ ಅದು. ತಲೆಹೊರೆ ಹೊತ್ತ ಒಬ್ಬಳು ಆರಾಮವಾಗಿ ನಡೆಯುವಷ್ಟು ಅಗಲ, ಎರಡೂ ಕಡೆ ಹಿಡಿದುಕೊಳ್ಳಲು ಕಂಬಿ, ಪಾಚಿಯ ಗೆರೆಗಿಂತ ಎಷ್ಟೋ ಮೇಲೆ. ನಡುವೆ ನಿಂತರೆ ಮೆಲ್ಲಗೆ ತೂಗುತ್ತಿತ್ತು. ಇದೇ ಪಾಲ ನಮ್ಮ ಗದ್ದೆಯ ಬುಡದಲ್ಲಿ ಇದ್ದಿದ್ದರೆ ಎಂದು ಯೋಚಿಸುತ್ತ ನಡುವಿನಲ್ಲೇ ನಿಂತುಬಿಟ್ಟೆ. ಹಿಂದಿನಿಂದ ಯಾರೋ ದಾರಿ ಬಿಡು ಮಾರಾಯ್ತಿ ಎಂದರು.

ಮಳೆ ಹಿಡಿಯುವ ಮುಂಚೆ ಅವ್ವನನ್ನು ನೋಡಿ ಬರಲು ಬಿದಿರ ಪಾಲ ದಾಟಿ ಹೋದೆ. ಅವ್ವ ತುಂಬಾ ಸಣ್ಣಗಾಗಿದ್ದಳು. ಆದರೆ ಮುಖದಲ್ಲಿ ಏನೋ ಗೆಲುವು. ನನ್ನನ್ನು ಕಂಡವಳೇ, "ಸರ್ಕಾರದ ಪಾಲ ಆಯಿತಂತೆ?" ಎಂದಳು.

"ಆಯಿತು ಅವ್ವ."

"ಗಟ್ಟಿ ಉಟ್ಟಾ?"

"ಆನೆ ನಡೆದರೂ ಬೀಳುವುದಿಲ್ಲ."

"ಹಾಗಾದರೆ ಈ ಸಲ ನೀನು ಆಟಿಗೆ ಬರಬಹುದು. ಮದುವೆಯಾಗಿ ಒಂದು ಸಲವೂ ಆಟಿಗೆ ಬಂದವಳಲ್ಲ ನೀನು."

ತೋಡಿನ ನೆನಪು ನನಗೆ ಇತ್ತು. ಆದರೆ ಮಳೆ ಬಿಡುವು ಕೊಟ್ಟ ದಿನ ನೋಡಿಕೊಂಡು, ಸುತ್ತಾದರೂ ಸರಿ, ಬಂದೇ ಬರುವುದು ಎಂದು ನಾನು ಗಟ್ಟಿ ಮಾಡಿಕೊಂಡಿದ್ದೆ. "ಬಂದೇ ಬರ್ತೇನೆ ಅವ್ವ" ಎಂದೆ. ಅವಳು ಬಲಗೈಯಿಂದ ನನ್ನ ಕೆನ್ನೆ ಸವರಿದಳು. ಬಾಗಿಲಲ್ಲಿ ನಿಂತಿದ್ದ ಅಪ್ಪ ಅಂಗಳಕ್ಕೆ ಇಳಿದು ಹೋದರು. ಕರು ಬಿಚ್ಚಿಕೊಂಡ ಸದ್ದಾಗಿತ್ತೇನೋ ಎಂದುಕೊಂಡೆ.

ಆಟಿ ಬಂತು. ಒಂದು ಮಧ್ಯಾಹ್ನ ಮೇಲಿನ ಊರಿನ ಒಬ್ಬ ಆಳು ಹೊಸ ಪಾಲ ದಾಟಿ ಬಂದು, "ನಿಮ್ಮ ಅವ್ವನಿಗೆ ಜೋರಾಗಿದೆಯಂತೆ, ನಿಮ್ಮ ಹೆಸರೇ ಹೇಳ್ತಿದ್ದಾರಂತೆ" ಎಂದ. ಕೂಸನ್ನು ಅತ್ತೆಯ ಕೈಗೆ ಕೊಟ್ಟು ನಾನೂ ನನ್ನ ಗಂಡನೂ ನಿಂತ ಕಾಲಲ್ಲೇ ಹೊರಟೆವು. ಗುಡ್ಡ ಹತ್ತಿ ಇಳಿದು, ಜಿಗಣೆ ಕೀಳಲೂ ನಿಲ್ಲದೆ, ಸಂಜೆಗೆ ಪಾಲ ಮುಟ್ಟಿದೆವು. ಕೆಳಗೆ ಹೊಳೆ ಕೆಂಪಗೆ ಉಕ್ಕುತ್ತಿತ್ತು. ಅದನ್ನು ನಾವು ಕಾಲು ಒದ್ದೆಯಾಗದೆ ದಾಟಿದೆವು. ಆಚೆ ದಡದಲ್ಲಿ ಸ್ವಲ್ಪ ದೂರ ಓಡಿದ್ದೇ ಬಂತು, ಮುಂದೆ ತೋಡು. ಬೆಳಿಗ್ಗೆ ಸುದ್ದಿ ದಾಟಿ ಬರಲು ಬಿಟ್ಟಿದ್ದ ತೋಡು ಅಷ್ಟು ಹೊತ್ತಿಗೆ ಮೇಲೆ ಗುಡ್ಡದಲ್ಲಿ ಸುರಿದ ಮಳೆಗೆ ತುಂಬಿ ದಾರಿಯನ್ನೇ ನುಂಗಿತ್ತು. ನನ್ನ ಗಂಡ ಇಳಿದು ನೋಡಿದರು. ಎದೆಯವರೆಗೆ ಬರುವುದರೊಳಗೆ ಕಾಲು ಕಿತ್ತುಕೊಂಡು ಹೋಯಿತು. ಅತ್ತಿಮರದ ಬೇರು ಕೈಗೆ ಸಿಗದಿದ್ದರೆ ನಾನು ಅವತ್ತೇ ವಿಧವೆ.

ಪಾಲದ ಆಚೆ ತುದಿಯಲ್ಲೇ ಇದ್ದ ಅಂಗಡಿಯವನ ಮನೆಯಲ್ಲಿ ಉಳಿದೆವು. ಅವನ ಹೆಂಡತಿ ನನಗೆ ತನ್ನ ಒಣ ಸೀರೆ ಕೊಟ್ಟಳು, ಬಿಸಿ ಗಂಜಿ ಕೊಟ್ಟಳು. ನಾಚಿಕೆಗೆಟ್ಟವನು ಎನಿಸಿಕೊಂಡ ಆ ಮನುಷ್ಯ ಹೊತ್ತು ಹೊತ್ತಿಗೆ ಗೊರಬೆ ಹಾಕಿಕೊಂಡು ಹೋಗಿ ತೋಡು ನೋಡಿ ಬರುವನು. "ಇಳಿಯಲಿಲ್ಲ ಅಮ್ಮ" ಎನ್ನುವನು. ಮರುದಿನವೂ ಇಳಿಯಲಿಲ್ಲ. ನಾನು ತೋಡಿನ ಅಂಚಿನಲ್ಲೇ ಕೂತಿದ್ದೆ. ಅಲ್ಲಿಂದ ನನ್ನ ತವರಿನ ಗುಡ್ಡ ಕಾಣುತ್ತದೆ. ಆ ಗುಡ್ಡದ ಹಿಂದೆ ಅವ್ವ.

ಮಾರನೆಯ ಬೆಳಿಗ್ಗೆ ಮಳೆ ನಿಂತು ಆಕಾಶ ಬಿಳಿಚಿತ್ತು. ಗುಡ್ಡದ ಹಿಂದಿನಿಂದ ಕೋವಿಯ ಸದ್ದು ಕೇಳಿತು. ಬೆನ್ನಿಗೇ ಇನ್ನೊಂದು. ಕೊಡಗಿನಲ್ಲಿ ಮನೆಯಲ್ಲಿ ಸಾವಾದರೆ ಊರಿಗೆ ತಿಳಿಯಲೆಂದು ಒಂದರ ಹಿಂದೆ ಒಂದು ಎರಡು ಗುಂಡು ಹಾರಿಸುತ್ತಾರೆ. ನನ್ನ ಗಂಡ ಇದ್ದಲ್ಲೇ ಕೂತುಬಿಟ್ಟರು. ಅಂಗಡಿಯವನು ತಲೆಯ ವಸ್ತ್ರ ತೆಗೆದ. ನಾನು ನೀರಿಗೆ ಇಳಿದೆನಂತೆ, ಇಬ್ಬರೂ ಸೇರಿ ಎಳೆದು ತಂದರಂತೆ. ಅದು ನನಗೆ ನೆನಪಿಲ್ಲ.

ತೋಡು ಇಳಿದು ನಾವು ಮನೆ ಮುಟ್ಟುವಾಗ ಎಲ್ಲ ಮುಗಿದಿತ್ತು. ಅವ್ವನ ಹಾಸಿಗೆ ಇದ್ದ ಜಾಗವನ್ನು ಸಾರಿಸಿ ದೀಪ ಇಟ್ಟಿದ್ದರು. ಅಪ್ಪ ಗೋಡೆಗೆ ಮುಖ ಮಾಡಿ ಕೂತಿದ್ದರು. ನನ್ನ ಕಡೆ ತಿರುಗಲಿಲ್ಲ. ದುಃಖಕ್ಕೆ ಹಾಗೆ ಎಂದುಕೊಂಡೆ.

ಕರ್ಮದ ದಿನಗಳೆಲ್ಲ ಕಳೆಯುವವರೆಗೆ ಅಲ್ಲೇ ಇದ್ದೆ. ಹೊರಡುವ ಹಿಂದಿನ ದಿನ ಹಿತ್ತಿಲಲ್ಲಿ ನಾನೂ ನಾದಿನಿಯೂ ಅವ್ವನ ಸೀರೆಗಳನ್ನು ಒಗೆದು ಹರವುತ್ತಿದ್ದೆವು. ನಾನು, "ಆ ತೋಡೊಂದು ಇಲ್ಲದಿದ್ದರೆ ಬಂದು ಮುಖ ನೋಡ್ತಿದ್ದೆ. ಪಾಲ ಅಷ್ಟು ಮೇಲೆ ಅಂತ, ದಾರಿ ದೂರ ಅಂತ ಅವ್ವನಿಗೆ ಗೊತ್ತಿತ್ತಲ್ಲ, ಅದೊಂದೇ ಸಮಾಧಾನ" ಎಂದೆ.

ನಾದಿನಿ ಕೈಯಲ್ಲಿದ್ದ ಸೀರೆಯನ್ನು ಹಾಗೇ ಹಿಡಿದುಕೊಂಡು ನಿಂತಳು. "ಅತ್ತೆಗೆ ಗೊತ್ತಿರಲಿಲ್ಲ ಅತ್ತಿಗೆ" ಎಂದಳು. ಅವಳಿಗೆ ಅತ್ತೆ ಎಂದರೆ ನನ್ನ ಅವ್ವ, ಮಾವ ಎಂದರೆ ನನ್ನ ಅಪ್ಪ.

"ಎಂತ ಗೊತ್ತಿರಲಿಲ್ಲ?"

"ಸಭೆಯಿಂದ ಬಂದ ದಿನ ಅತ್ತೆ ಕೇಳಿದರು, ಪಾಲ ಎಲ್ಲಿ ಹಾಕ್ತಾರಂತೆ ಅಂತ. ಕೇಳುವಾಗ ಅವರ ಮುಖ ನೋಡಬೇಕಿತ್ತು ನೀವು. ಮಾವ 'ಇಲ್ಲೇ, ನಮ್ಮ ಕಡವಲ್ಲೇ' ಅಂದುಬಿಟ್ಟರು. ಅತ್ತೆಗೆ ಎಷ್ಟು ಖುಷಿಯಾಯಿತೆಂದರೆ ಅವತ್ತು ಎರಡು ತುತ್ತು ಹೆಚ್ಚೇ ಉಂಡರು. ಆಮೇಲೆ ತಿರುಗಿಸಿ ಹೇಳಲಿಕ್ಕೆ ಮಾವನಿಗೆ ಬಾಯಿ ಬರಲಿಲ್ಲ. ಹೇಳಬೇಡ ಅಂತ ನಂಗೂ ಹೇಳಿದರು. ಕೊಡಲಿ ಸದ್ದೇ ಕೇಳುವುದಿಲ್ಲ ಅಂತ ಅತ್ತೆ ಒಂದು ದಿನ ಕೇಳಿದ್ದರು. ಕಬ್ಬಿಣದ ಪಾಲಕ್ಕೆ ಕೊಡಲಿ ಬೇಡ ಅಂತ ನಾನೇ ಹೇಳಿದೆ." ಅವಳು ಸೀರೆಯಲ್ಲಿ ಮುಖ ಒತ್ತಿಕೊಂಡು ಅತ್ತಳು.

ಒಗೆಯುವ ಕಲ್ಲಿನ ಮೇಲೆ ಕೂತೆ. ಕೊನೆಯ ದಿನಗಳಲ್ಲಿ ಅವ್ವ ಏನು ಮಾಡುತ್ತಿದ್ದಳು ಎಂದು ಕೇಳಿದೆ. ಕೇಳಬಾರದಿತ್ತು.

ಹೊಳೆಯ ಕಡೆಯ ಬಾಗಿಲು ತೆರೆದಿಡಲು ಹೇಳುತ್ತಿದ್ದಳಂತೆ. ಎರಚಲು ಒಳಗೆ ಬಂದರೂ ಮುಚ್ಚಲು ಬಿಡುತ್ತಿರಲಿಲ್ಲವಂತೆ. ಯಾರ ಹೆಜ್ಜೆ ಸದ್ದಾದರೂ ತಲೆ ಎತ್ತುತ್ತಿದ್ದಳಂತೆ. ಬಂದಳಾ, ಎಂದು ಕೇಳುತ್ತಿದ್ದಳಂತೆ. ದಿನ ಕಳೆದ ಹಾಗೆ ಅಣ್ಣನಿಗೆ ತಡೆಯಲಾಗದೆ, ಅವಳು ಯಾಕೆ ಬರಲಿಲ್ಲ ಗೊತ್ತುಂಟಾ ಎಂದು ಸತ್ಯ ಹೇಳಲು ಬಾಯಿ ತೆರೆದನಂತೆ. ಅವನು ನನ್ನನ್ನು ದೂರುತ್ತಿದ್ದಾನೆ ಎಂದುಕೊಂಡು ಅವ್ವ ಬಲಗೈ ಎತ್ತಿ ಅವನನ್ನು ತಡೆದಳಂತೆ. "ನಾಟಿ ಸಮಯ. ಅವಳಿಗೆ ಗದ್ದೆ ಕೆಲಸ ಇದ್ದೀತು, ಕೂಸಿಗೆ ಹುಷಾರಿಲ್ಲದೆ ಇದ್ದೀತು. ಪಾಲ ಹತ್ತಿರ ಉಟ್ಟು ಅಂತ ದಿನಾ ಓಡಿ ಬರಲಿಕ್ಕೆ ಆಗ್ತದಾ? ನಾನು ಹೋದ ಮೇಲೆ ಯಾರೂ ಅವಳಿಗೆ ಬೈಯಬೇಡಿ" ಎಂದಳಂತೆ. ಮತ್ತೆ ಅವಳು ಮಾತಾಡಲಿಲ್ಲ.

ಬೈದು ಹೋಗಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಪಾಲ ಮನೆಯ ಬಾಗಿಲಲ್ಲೇ ಇದ್ದೂ ನೋಡಲು ಬಾರದ ಮಗಳು ನಾನು ಎಂದು ತಿಳಿದುಕೊಂಡು, ಆ ಮಗಳನ್ನು ಕ್ಷಮಿಸಿ ಹೋದಳು ನನ್ನ ಅವ್ವ.